ಬಲಗೈ ಆಡಿದ್ದು ಎಡಗೈಗೆ ಗೊತ್ತಾಗಬೇಕು

1720ರ ಜನವರಿ 22. ಜರ್ಮನಿಯ ಕೋಥೆನ್ ಅನ್ನುವ ಪುಟ್ಟ ಸಂಸ್ಥಾನದಲ್ಲಿ ಒಬ್ಬ ಅಪ್ಪ ತನ್ನ ಒಂಬತ್ತು ವರ್ಷದ ಮಗನಿಗೆ ಒಂದು ನೋಟ್‌ಬುಕ್ ಶುರುಮಾಡಿಕೊಟ್ಟ. ಅಪ್ಪನ ಹೆಸರು ಯೋಹಾನ್ ಸೆಬಾಸ್ಟಿಯನ್ ಬಾಖ್, ಅಲ್ಲಿನ ರಾಜಕುಮಾರ ಲಿಯೋಪೋಲ್ಡನ ಆಸ್ಥಾನದಲ್ಲಿ ಸಂಗೀತದ ಮುಖ್ಯಸ್ಥ. ಮಗ ವಿಲ್ಹೆಲ್ಮ್ ಫ್ರೀಡೆಮನ್, ಗಂಡುಮಕ್ಕಳಲ್ಲಿ ಹಿರಿಯವನು. ಮೊದಲ ಪುಟಗಳು ನಮ್ಮ ಮಗ್ಗಿ ಪುಸ್ತಕದ ಜಾತಿಯವೇ: ಸ್ವರಗಳ ಹೆಸರು, ಯಾವ ಗೆರೆಯ ಮೇಲೆ ಯಾವ ಸ್ವರ ಕೂರುತ್ತದೆ ಅನ್ನೋದು, ಸ್ವರಕ್ಕೆ ಕೊಡುವ ಬಳುಕುಗಳ ಒಂದು ಪಟ್ಟಿ, ಯಾವ ಬೆರಳು ಎಲ್ಲಿಡಬೇಕು ಅಂತ ತೋರಿಸುವ ಒಂದು ಚಿಕ್ಕ ತುಣುಕು.

ಅದೇ ವರ್ಷ ಬೇಸಿಗೆಯಲ್ಲಿ ಬಾಖ್ ರಾಜಕುಮಾರನ ಜೊತೆ ಕಾರ್ಲ್ಸ್‌ಬಾದ್‌ಗೆ ಹೋಗಿದ್ದ. ವಾಪಸ್ ಬಂದಾಗ ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡು ಮಣ್ಣು ಕೂಡ ಆಗಿಹೋಗಿತ್ತು. ಫ್ರೀಡೆಮನ್‌ನ ತಾಯಿ ಅವಳು. ನೋಟ್‌ಬುಕ್ ಮಾತ್ರ ನಿಲ್ಲಲಿಲ್ಲ. ಮುಂದಿನ ಎರಡು ಮೂರು ವರ್ಷಗಳಲ್ಲಿ ಅದೇ ಪುಟಗಳಲ್ಲಿ, ಕೆಲವು ಅಪ್ಪನ ಅಕ್ಷರದಲ್ಲಿ, ಕೆಲವು ಮಗನ ಅಕ್ಷರದಲ್ಲಿ, ಎರಡು ದನಿಯ ಮತ್ತು ಮೂರು ದನಿಯ ಪುಟಾಣಿ ರಚನೆಗಳು ಕಾಣಿಸಿಕೊಂಡವು. 1723ರಲ್ಲಿ ಬಾಖ್ ಅವನ್ನೆಲ್ಲ ತಿದ್ದಿ, ಹದಿನೈದು ಎರಡು ದನಿಯವು, ಹದಿನೈದು ಮೂರು ದನಿಯವು ಅಂತ ಜೋಡಿಸಿ, ಅಚ್ಚುಕಟ್ಟಾಗಿ ಪ್ರತಿ ಮಾಡಿದ. ಮುಖಪುಟದಲ್ಲಿ ಉದ್ದದ ಒಕ್ಕಣೆ ಇದೆ. ಅದರ ತಾತ್ಪರ್ಯ ಇಷ್ಟು: ಕೀಬೋರ್ಡ್ ಪ್ರಿಯರಿಗೆ, ಅದರಲ್ಲೂ ಕಲಿಯುವ ಹಂಬಲ ಇರುವವರಿಗೆ, ಮೊದಲು ಎರಡು ದನಿಗಳನ್ನು ಶುದ್ಧವಾಗಿ, ಆಮೇಲೆ ಮೂರು ದನಿಗಳನ್ನು ಸರಿಯಾಗಿ ನುಡಿಸುವ ದಾರಿ ಇದು, ಎಲ್ಲಕ್ಕಿಂತ ಮುಖ್ಯವಾಗಿ, ಹಾಡುವ ಹಾಗೆ ನುಡಿಸೋದನ್ನು ಕಲಿಯಬೇಕು.

ಪಿಯಾನೋ ಕಲಿಯುವವರು ಇಂದಿಗೂ ಈ ಪುಸ್ತಕ ದಾಟಿಕೊಂಡೇ ಮುಂದೆ ಹೋಗೋದು. ಎರಡು ದನಿಯವಕ್ಕೆ ಇನ್ವೆನ್ಷನ್ ಅಂತಾರೆ, ಮೂರು ದನಿಯವಕ್ಕೆ ಸಿನ್ಫೋನಿಯಾ. ನಮ್ಮ ಬೆಂಗಳೂರಲ್ಲಿ ಗ್ರೇಡ್ ಪರೀಕ್ಷೆ ಕಟ್ಟುವ ಮಕ್ಕಳೂ ನುಡಿಸುತ್ತಾರೆ, ಮೂವತ್ತು ದಾಟಿದ ಮೇಲೆ ಇಎಂಐನಲ್ಲಿ ಡಿಜಿಟಲ್ ಪಿಯಾನೋ ತಗೊಂಡ ನನ್ನಂಥವರೂ ನುಡಿಸುತ್ತಾರೆ. ಮಕ್ಕಳಿಗೆ ಬೇಗ ಬರುತ್ತೆ. ಆ ವಿಚಾರ ಬಿಡಿ.

ಏನಿದು ಎರಡು ದನಿ? ಪಿಯಾನೋ ಅಂದರೆ ನಮಗೆ ಕಣ್ಣ ಮುಂದೆ ಬರೋದು ಸಿನಿಮಾ ಹಾಡಿನ ಚಿತ್ರ. ಬಲಗೈ ಹಾಡನ್ನು ನುಡಿಸುತ್ತೆ, ಎಡಗೈ ಕೆಳಗಡೆ ಕೂತು ಅದಕ್ಕೆ ಆಧಾರ ಕೊಡುತ್ತೆ. ಬಲಗೈ ನಾಯಕ, ಎಡಗೈ ಪಕ್ಕವಾದ್ಯ. ಬಾಖ್‌ನ ಈ ಜಾತಿಯ ಸಂಗೀತದಲ್ಲಿ ಹಾಗಿಲ್ಲ. ಎರಡೂ ಕೈಗೆ ಅವುಗಳದ್ದೇ ಹಾಡು, ಎರಡೂ ಹಾಡು ಒಂದೇ ಹೊತ್ತಿಗೆ, ಮತ್ತು ಎರಡೂ ಕೂಡಿದಾಗ ಕಿವಿಗೆ ಹಿತವಾಗಿರಬೇಕು. ಇದಕ್ಕೇ ಕೌಂಟರ್‌ಪಾಯಿಂಟ್ ಅನ್ನೋದು.

ಮೊದಲ ಇನ್ವೆನ್ಷನ್ ಅನ್ನು ನಮ್ಮ ಸ್ವರಗಳಲ್ಲೇ ಹೇಳಬಹುದು. ಪಿಯಾನೋದ ‘ಸಿ’ಯನ್ನು ಷಡ್ಜ ಅಂತಿಟ್ಟುಕೊಳ್ಳಿ, ಶಂಕರಾಭರಣದ ಸ್ವರಗಳು. ಇಡೀ ರಚನೆಯ ಬೀಜ ಎಂಟೇ ಸ್ವರ: ಸ ರಿ ಗ ಮ ರಿ ಗ ಸ ಪ. ಚಿಕ್ಕಂದಿನಲ್ಲಿ ಸರಳೆ, ಜಂಟಿ ಹಾಡಿದವರಿಗೆ ಯಾವುದೋ ಮರೆತುಹೋದ ವರಸೆಯ ಹಾಗೆ ಕೇಳಿಸುತ್ತೆ. ಬಲಗೈ ಇದನ್ನು ಒಬ್ಬಂಟಿಯಾಗಿ ಹೇಳುತ್ತೆ. ಅದು ಪಂಚಮ ಮುಟ್ಟಿ ಮುಂದಿನ ಮಾತಿಗೆ ಹೊರಟಾಗ ಒಂದು ಸ್ಥಾಯಿ ಕೆಳಗೆ ಎಡಗೈ ಶುರುಮಾಡುತ್ತೆ, ಅದೇ ಸ ರಿ ಗ ಮ ರಿ ಗ ಸ ಪ. ಎರಡನೇ ಬಾರ್‌ನಲ್ಲಿ ಇದೇ ಆಟ ಪಂಚಮದಿಂದ. (ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ, ಶುಕ್ರವಾರ ಸಂಜೆಯದ್ದಲ್ಲ.) ಇಲ್ಲಿಯ ತನಕ ಪರವಾಗಿಲ್ಲ. ಮೂರನೇ ಬಾರ್‌ಗೆ ಬಂದಾಗ ಬಲಗೈ ಆ ವರಸೆಯನ್ನು ತಲೆಕೆಳಗು ಮಾಡುತ್ತೆ: ಧ ಪ ಮ ಗ ಪ ಮ ಧ. ಹತ್ತುತ್ತಿದ್ದದ್ದು ಈಗ ಇಳಿಯುತ್ತಿದೆ. ಅದೇ ಗಳಿಗೆಯಲ್ಲಿ ಎಡಗೈ ವರಸೆಯ ಮೊದಲ ನಾಲ್ಕು ಮೆಟ್ಟಿಲನ್ನು ವಿಳಂಬದಲ್ಲಿ, ಅಂದರೆ ಎರಡರಷ್ಟು ನಿಧಾನವಾಗಿ, ಹತ್ತುತ್ತಿದೆ: ನಿ ಸ ರಿ ಗ. ಒಂದೇ ಮಾತು ಮೇಲೆ ತಲೆಕೆಳಗಾಗಿ ಓಡುತ್ತಿದೆ, ಕೆಳಗೆ ನೆಟ್ಟಗೆ ನಡೆಯುತ್ತಿದೆ. ಇಡೀ ರಚನೆ 22 ಬಾರ್, ನುಡಿಸಲು ಒಂದೂವರೆ ನಿಮಿಷ ಹಿಡಿದರೆ ಹೆಚ್ಚು. ಆ ಎಂಟು ಸ್ವರಗಳ ಸಂತಾನವಲ್ಲದ ಸ್ವರ ಅದರಲ್ಲಿ ಹುಡುಕಿದರೂ ಕಷ್ಟಕ್ಕೆ ಸಿಗುತ್ತೆ.

ಬಲಗೈ ಒಂದನ್ನೇ ಕಲಿಯಲು ನನಗೆ ಎರಡು ಸಂಜೆ ಸಾಕಾಯಿತು. ಎಡಗೈಗೆ ಮೂರು. ಎರಡನ್ನೂ ಕೂಡಿಸಲು ಐದು ವಾರ.

ಈ ಐದು ವಾರದ ಲೆಕ್ಕವೇ ನನಗೆ ಕುತೂಹಲ. ಎಡಗೈಗೂ ಗೊತ್ತು, ಬಲಗೈಗೂ ಗೊತ್ತು. ಇಬ್ಬರೂ ಪಾಠ ಒಪ್ಪಿಸಬಲ್ಲರು. ಆದರೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಇಬ್ಬರಿಗೂ ಮರೆವು! ಗಮನ ಅನ್ನೋದು ಟಾರ್ಚ್ ಇದ್ದ ಹಾಗೆ. ಬಲಗೈ ಮೇಲೆ ಬೆಳಕು ಬಿಟ್ಟರೆ ಎಡಗೈ ಕತ್ತಲಲ್ಲಿ ಎಡವುತ್ತೆ, ಅಲ್ಲಿಗೆ ತಿರುಗಿಸಿದರೆ ಇದು ನಿಂತುಬಿಡುತ್ತೆ. ಕೈಗಳಿಗೆ ಇನ್ನೊಂದು ಹಟವೂ ಇದೆ. ಒಂದು ಏನು ಮಾಡುತ್ತೋ ಇನ್ನೊಂದಕ್ಕೂ ಅದನ್ನೇ ಮಾಡುವ ಆಸೆ. ಬಲಗೈ ವೇಗವಾಗಿ ಇಳಿಯುವಾಗ ಎಡಗೈ ನಿಧಾನವಾಗಿ ಹತ್ತಬೇಕು ಅಂದರೆ ಅದು ಒಪ್ಪೋದಿಲ್ಲ, ಅದೂ ಓಡುತ್ತೆ. ನಂಬಿಕೆ ಬರದಿದ್ದರೆ ಒಂದು ಕೈಯಲ್ಲಿ ತಲೆ ತಟ್ಟುತ್ತ ಇನ್ನೊಂದರಲ್ಲಿ ಹೊಟ್ಟೆ ಸವರಿಕೊಳ್ಳಿ. ಆಫೀಸಲ್ಲಿ ಬೇಡ.

ನಾವು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹಾಡಲ್ವಾ, ಅದೂ ಎರಡು ಕೆಲಸವೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದಿತಾಳ ಹಾಕುತ್ತ ಖಂಡ ನಡೆಯಲ್ಲಿ ಕೊನ್ನಕ್ಕೋಲ್ ಹೇಳುವವರನ್ನು ಕಂಡರೆ ನನಗೆ ಈಗಲೂ ಬೆರಗು. ಆದರೆ ಅಲ್ಲಿ ಕೈಯದ್ದು ಕಾವಲು ಕೆಲಸ, ಸಾಹಿತ್ಯ ಬಾಯಿಯದ್ದೇ. ಅಷ್ಟಾವಧಾನ ಇನ್ನೂ ಹತ್ತಿರದ ಹೋಲಿಕೆ ಅನ್ನಿಸಿತ್ತು. ಎಂಟು ಕಡೆಯಿಂದ ಪೃಚ್ಛಕರು ಎಳೆಯುತ್ತಿರುತ್ತಾರೆ, ನಡುವೆ ಗಂಟೆ ಬಡಿಯುವವನು ಬೇರೆ. ಅಲ್ಲೂ ಅವಧಾನಿ ಒಂದು ಹೊತ್ತಿಗೆ ಒಬ್ಬರಿಗೆ ಉತ್ತರ ಕೊಡುತ್ತಾರೆ. ಮಿಕ್ಕವು ನೆನಪಿನಲ್ಲಿ ಸರದಿ ಕಾಯುತ್ತವೆ. ಕೌಂಟರ್‌ಪಾಯಿಂಟ್‌ನಲ್ಲಿ ಸರದಿಯೇ ಇಲ್ಲ.

ಹಾಗಾದರೆ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳೋದು ನಿಜವಾಗಿ ಸಾಧ್ಯವಾ, ಅಥವಾ ಟಾರ್ಚ್ ಬೇಗ ಬೇಗ ತಿರುಗುತ್ತಿರುತ್ತದಾ? ಡೇವಿಡ್ ಹ್ಯೂರಾನ್ ಅನ್ನುವ ಸಂಗೀತ ಸಂಶೋಧಕರು 1989ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಸಂಗೀತ ಬಲ್ಲವರಿಗೆ ಇಂಥ ಸಂಗೀತ ಕೇಳಿಸಿ, ಈಗ ಎಷ್ಟು ದನಿ ನಡೆಯುತ್ತಿವೆ ಹೇಳಿ ಅಂದರು. ಮೂರರ ತನಕ ಲೆಕ್ಕ ಹೆಚ್ಚು ತಪ್ಪಲಿಲ್ಲ. ನಾಲ್ಕಕ್ಕೆ ಹೋದಾಗ ತಪ್ಪುಗಳು ಒಮ್ಮೆಲೇ ಏರಿದವು, ಮತ್ತು ಇರುವುದಕ್ಕಿಂತ ಕಡಿಮೆ ಅನ್ನುವವರೇ ಜಾಸ್ತಿ. ಬಾಖ್ ಮಗನಿಗೆ ಎರಡು, ಆಮೇಲೆ ಮೂರು ಅಂತ ಬರೆದು ಅಲ್ಲಿಗೆ ನಿಲ್ಲಿಸಿದ್ದ ಅನ್ನೋದನ್ನು ನೆನೆದರೆ ನಗು ಬರುತ್ತೆ.

ಸಾಧನೆಯ ಹಳೇ ಉಪಾಯ ಒಂದಿದೆ: ಒಂದು ದನಿಯನ್ನು ಬಾಯಲ್ಲಿ ಹಾಡಿ, ಇನ್ನೊಂದನ್ನು ನುಡಿಸಿ. ಆಮೇಲೆ ಅದಲುಬದಲು. ನಾನು ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ಹೀಗೆ ಗುನುಗುತ್ತ ಕೂತರೆ ಮನೆಯವರಿಗೆ ಎಡಗೈ ಕೇಳಿಸೋದಿಲ್ಲ, ನನ್ನ ಬಾಯಿಯ ಅರ್ಧ ಹಾಡು ಮಾತ್ರ ಕೇಳಿಸುತ್ತೆ. ಪಾಪ. ಆದರೆ ಹೀಗೆ ಮಾಡುತ್ತ ಮೂರನೇ ವಾರದಲ್ಲೋ ನಾಲ್ಕನೇ ವಾರದಲ್ಲೋ ಒಂದು ವಿಚಿತ್ರ ಆಗುತ್ತೆ. ಎರಡು ಬಾರ್‌ಗಳಷ್ಟು ಹೊತ್ತು, ನಾಲ್ಕೈದು ಸೆಕೆಂಡು ಅನ್ನಿ, ಟಾರ್ಚ್ ಹಿಡಿದವನೇ ಇರೋದಿಲ್ಲ. ಕೋಣೆಯಲ್ಲಿ ಲೈಟ್ ಹಾಕಿದ ಹಾಗೆ ಎರಡೂ ಕೈ ಒಟ್ಟಿಗೆ ಕಾಣುತ್ತವೆ. ಯಾವ ಕೈಯನ್ನೂ ನಾನು ನಡೆಸುತ್ತಿಲ್ಲ, ಎರಡನ್ನೂ ಕೇಳುತ್ತಿದ್ದೇನೆ. ‘ಅರೆ, ಬಂತಲ್ಲ’ ಅಂದುಕೊಂಡಿರೋ, ಮುಗೀತು, ಎರಡೂ ಮುಗ್ಗರಿಸುತ್ತವೆ. ಆ ನಾಲ್ಕೈದು ಸೆಕೆಂಡಿನ ಆಸೆಗೇ ಮರುದಿನ ಮತ್ತೆ ಕೂರೋದು.

ಇದರಿಂದ ಬುದ್ಧಿ ಚುರುಕಾಗುತ್ತೆ, ಕೋಡ್ ಚೆನ್ನಾಗಿ ಬರೆಯಬಹುದು ಅಂತೆಲ್ಲ ಹೇಳುವವರಿದ್ದಾರೆ. ನನಗೆ ಆ ಮಾತಿನಲ್ಲಿ ರುಚಿಯಿಲ್ಲ. ಹೋಳಿಗೆ ತಿನ್ನುವಾಗ ಪ್ರೋಟೀನ್ ಲೆಕ್ಕ ಹಾಕಿದ ಹಾಗಾಗುತ್ತೆ.

ಈ ಪುಟ್ಟ ರಚನೆಗಳು ಹುಟ್ಟಿದ ಬಗೆಯನ್ನು ಫೋರ್ಕೆಲ್ ಅನ್ನುವವನು ಹೇಳುತ್ತಾನೆ. 1802ರಲ್ಲಿ ಬಾಖ್‌ನ ಮೊದಲ ಜೀವನಚರಿತ್ರೆಯ ಪುಸ್ತಕ ಬರೆದವನು, ಬಾಖ್‌ನ ಮಕ್ಕಳಿಂದಲೇ ವಿಷಯ ಕೇಳಿ ತಿಳಿದವನು. ಹೊಸ ಶಿಷ್ಯರಿಗೆ ಬಾಖ್ ಆರು ತಿಂಗಳಿಂದ ಒಂದು ವರ್ಷದ ತನಕ ಬರೀ ಬೆರಳ ಸಾಧನೆ ಮಾಡಿಸುತ್ತಿದ್ದನಂತೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಹುಡುಗರ ಮುಖ ಬಾಡಿದ್ದು ಕಂಡರೆ ಆ ಸಾಧನೆಗಳನ್ನೇ ಒಳಗೆ ಹೆಣೆದು ಚಿಕ್ಕ ರಚನೆ ಮಾಡಿಕೊಡುತ್ತಿದ್ದ, ಅದೂ ಪಾಠದ ಹೊತ್ತಲ್ಲೇ ಕೂತು. ಮುನ್ನೂರು ವರ್ಷದಿಂದ ಜಗತ್ತು ನುಡಿಸುತ್ತಿರುವ ಈ ಸಂಗೀತಕ್ಕೆ ಬೋರ್ ಹೊಡೆದ ಮಕ್ಕಳೇ ಕಾರಣ.

ಫೋರ್ಕೆಲ್ ಹೇಳುವ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ. ಬಾಖ್ ಪ್ರತಿಯೊಂದು ದನಿಯನ್ನೂ ಒಬ್ಬ ಮನುಷ್ಯ ಅಂತಲೇ ಭಾವಿಸುತ್ತಿದ್ದನಂತೆ, ಒಳ್ಳೆಯ ಗೋಷ್ಠಿಯಲ್ಲಿ ಕೂತು ಮಾತಾಡುತ್ತಿರುವ ಮನುಷ್ಯ. ಮೂವರಿದ್ದರೆ, ಹೇಳಲು ಏನೂ ಇಲ್ಲದವನು ಸುಮ್ಮನಿದ್ದು ಮಿಕ್ಕವರ ಮಾತು ಕೇಳಬೇಕು. ಹೇಳುವಂಥದ್ದು ಹೊಳೆದಾಗ ಬಾಯಿ ತೆರೆಯಬೇಕು. ಅರ್ಥವಿಲ್ಲದೆ ನಡುವೆ ಬಾಯಿ ಹಾಕಿದ ಸ್ವರವನ್ನು ಶಿಷ್ಯರ ರಚನೆಯಲ್ಲಿ ಅವನು ಸಹಿಸುತ್ತಿರಲಿಲ್ಲ. ನಮ್ಮ ಸೋಮವಾರ ಬೆಳಗಿನ ಕಾಲ್‌ಗೆ ಬಾಖ್ ಬಂದಿದ್ದರೆ ಎಷ್ಟು ಜನರನ್ನು ಮ್ಯೂಟ್ ಮಾಡುತ್ತಿದ್ದನೋ.

1723ರಲ್ಲಿ ಬಾಖ್ ಲೈಪ್‌ಜಿಗ್‌ಗೆ ಹೋದ, ಕೊನೆಯ ತನಕ ಅಲ್ಲೇ ಇದ್ದ. ಮರುವರ್ಷ ಅಲ್ಲಿಗೆ ಕಾನೂನು ಓದಲು ಬಂದ ಗೆರ್ಬರ್ ಅನ್ನುವ ಹುಡುಗ ಅವನ ಹತ್ತಿರ ಪಾಠಕ್ಕೆ ಸೇರಿದ. ಮೊದಲು ಇನ್ವೆನ್ಷನ್‌ಗಳು, ಆಮೇಲೆ ನೃತ್ಯದ ಗತಿಯ ರಚನೆಗಳು, ಕೊನೆಗೆ ‘ವೆಲ್-ಟೆಂಪರ್ಡ್ ಕ್ಲಾವಿಯರ್’. 1722ರಲ್ಲಿ ಬರೆದು ಮುಗಿಸಿದ ಈ ಪುಸ್ತಕದಲ್ಲಿ ಇಪ್ಪತ್ನಾಲ್ಕು ಪೀಠಿಕೆ, ಇಪ್ಪತ್ನಾಲ್ಕು ಫ್ಯೂಗ್ ಇವೆ. ಫ್ಯೂಗ್ ಅಂದರೆ ಇನ್ವೆನ್ಷನ್‌ನ ದೊಡ್ಡಣ್ಣ: ಒಂದು ದನಿ ಒಂಟಿಯಾಗಿ ವಿಷಯ ಎತ್ತುತ್ತೆ, ಎರಡನೆಯದು ಅದನ್ನೇ ಹಿಡಿಯುತ್ತೆ, ಅಷ್ಟರಲ್ಲಿ ಮೊದಲನೆಯದು ಬೇರೆ ಏನನ್ನೋ ಹೇಳುತ್ತಿರುತ್ತೆ, ಮೂರನೆಯದು ಬರುತ್ತೆ... ಗೆರ್ಬರ್‌ನ ಮಗ ಮುಂದೆ ಸಂಗೀತಗಾರರ ಕೋಶ ಬರೆದು ಅಪ್ಪನ ನೆನಪನ್ನು ದಾಖಲಿಸಿದ್ದಾನೆ. ಕೆಲವು ದಿನ ಬಾಖ್ ಇವತ್ತು ಪಾಠ ಮಾಡುವ ಮನಸ್ಸಿಲ್ಲ ಅಂತ ನೆಪ ಹೇಳಿ ತಾನೇ ವಾದ್ಯದ ಮುಂದೆ ಕೂರುತ್ತಿದ್ದನಂತೆ. ಹೀಗೆ ಆ ಇಡೀ ಪುಸ್ತಕವನ್ನು ಶಿಷ್ಯ ಒಬ್ಬನಿಗಾಗಿ ಮೂರು ಸಲ ನುಡಿಸಿದ. ಗಂಟೆಗಳು ನಿಮಿಷಗಳಾಗಿ ಹೋದವು ಅಂತ ಗೆರ್ಬರ್ ಸಾಯುವ ತನಕ ಹೇಳಿಕೊಳ್ಳುತ್ತಿದ್ದ. ಟಿಕೆಟ್ ಇಲ್ಲ, ಸಭೆ ಇಲ್ಲ. ಕೇಳಲು ಒಬ್ಬನೇ ಹುಡುಗ.

ನಾನು ಹೇಳಹೊರಟದ್ದು ಇದನ್ನೇ. ಈ ಸಂಗೀತ ಸಭೆಗಾಗಿ ಹುಟ್ಟಿದ್ದಲ್ಲ. ನುಡಿಸುವವನ ಕೈಗೆ, ಅವನ ತಲೆಗೆ, ಹೆಚ್ಚೆಂದರೆ ಪಕ್ಕದಲ್ಲಿ ಕೂತ ಒಬ್ಬನಿಗೆ ಹುಟ್ಟಿದ್ದು. ಅದು ಉಳಿದು ಬಂದದ್ದೂ ಹಾಗೆಯೇ.

ಬಾಖ್ ತೀರಿಕೊಂಡದ್ದು 1750ರ ಜುಲೈ 28ರಂದು. ಕೊನೆಯ ಕಾಲದಲ್ಲಿ ಬರೆದು, ಪೂರ್ತಿಯಾಗದೆ ಉಳಿದ ‘ಆರ್ಟ್ ಆಫ್ ಫ್ಯೂಗ್’ ಮರುವರ್ಷ ಅಚ್ಚಾಗಿ ಬಂತು. ಐದು ವರ್ಷದಲ್ಲಿ ಹೋದದ್ದು ಸುಮಾರು ಮೂವತ್ತು ಪ್ರತಿ. 1756ರಲ್ಲಿ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಅಚ್ಚಿನ ತಾಮ್ರದ ತಗಡುಗಳನ್ನೇ ಮಾರಾಟಕ್ಕಿಟ್ಟ. ಜನಕ್ಕೆ ಬೇಕಾಗಿದ್ದದ್ದು ಒಂದು ಇಂಪಾದ ರಾಗ, ಕೆಳಗೆ ಒಂದು ಸರಳವಾದ ಆಧಾರ. ಎರಡು ದನಿ ಜಗಳವಾಡುವ ಸಂಗೀತಕ್ಕೆ ಮಾರ್ಕೆಟ್ ಇರಲಿಲ್ಲ. ‘ವೆಲ್-ಟೆಂಪರ್ಡ್ ಕ್ಲಾವಿಯರ್’ ಪೂರ್ತಿಯಾಗಿ ಅಚ್ಚಾದದ್ದು 1801ರ ಹೊತ್ತಿಗೆ. ಅಂದರೆ ಬರೆದು ಎಂಬತ್ತು ವರ್ಷ ಕಳೆದ ಮೇಲೆ. ಅಲ್ಲಿಯ ತನಕ ಅದು ಬದುಕಿದ್ದು ಶಿಷ್ಯರು, ಶಿಷ್ಯರ ಶಿಷ್ಯರು ಕೈಯಲ್ಲಿ ನಕಲು ಮಾಡಿಕೊಂಡ ಪ್ರತಿಗಳಲ್ಲಿ. ಜೈಮಿನಿ ಭಾರತ ಹಳ್ಳಿ ಹಳ್ಳಿಗಳಲ್ಲಿ ಓಲೆಗರಿಯಿಂದ ಓಲೆಗರಿಗೆ ದಾಟಿದ ಹಾಗೆ.

ಬಾಖ್‌ನನ್ನು ಎಲ್ಲರೂ ಮರೆತಿದ್ದರು, 1829ರಲ್ಲಿ ಇಪ್ಪತ್ತರ ಹುಡುಗ ಮೆಂಡೆಲ್ಸನ್ ಬರ್ಲಿನ್‌ನಲ್ಲಿ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಹಾಡಿಸಿ ಮತ್ತೆ ಬದುಕಿಸಿದ ಅಂತ ಕತೆ ಹೇಳುತ್ತಾರೆ. ಕೇಳುಗರ ಮಟ್ಟಿಗೆ ಅದು ನಿಜ. ನುಡಿಸುವವರ ಮಟ್ಟಿಗೆ ಅಲ್ಲ. ಮೆಂಡೆಲ್ಸನ್‌ಗೆ ಆ ಹಸ್ತಪ್ರತಿಯ ನಕಲು ಕೊಟ್ಟವಳು ಅವನ ಅಜ್ಜಿ. ಆ ಅಜ್ಜಿಯ ತಂಗಿ ಸಾರಾ ಲೆವಿ ಒಳ್ಳೆಯ ಹಾರ್ಪ್ಸಿಕಾರ್ಡ್ ವಾದಕಿ. ಅವಳಿಗೆ ಪಾಠ ಹೇಳಿದ ಗುರು ಯಾರು ಗೊತ್ತಾ? ವಿಲ್ಹೆಲ್ಮ್ ಫ್ರೀಡೆಮನ್ ಬಾಖ್. ಕೋಥೆನ್‌ನ ನೋಟ್‌ಬುಕ್‌ನ ಹುಡುಗ. ಅವನ ಬದುಕು ಅಪ್ಪ ಬಯಸಿದ ಹಾಗೆ ಆಗಲಿಲ್ಲ. ಕೆಲಸ ಬಿಟ್ಟ, ಬೇರೆ ಸರಿಯಾದ ಕೆಲಸ ಸಿಗಲಿಲ್ಲ, ಕಷ್ಟಕ್ಕೆ ಅಪ್ಪನ ಹಸ್ತಪ್ರತಿಗಳನ್ನು ಮಾರಿಕೊಂಡ, 1784ರಲ್ಲಿ ಬರ್ಲಿನ್‌ನಲ್ಲಿ ಬಡವನಾಗಿ ಸತ್ತ. ನೋಟ್‌ಬುಕ್ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ.

ವಿಯೆನ್ನಾಗೆ ಈ ಸಂಗೀತ ಹೋದದ್ದು ಒಬ್ಬ ಅಧಿಕಾರಿಯ ಪೆಟ್ಟಿಗೆಯಲ್ಲಿ. ಬ್ಯಾರನ್ ವಾನ್ ಸ್ವೀಟನ್ ಬರ್ಲಿನ್‌ನಲ್ಲಿ ಆಸ್ಟ್ರಿಯಾದ ರಾಯಭಾರಿಯಾಗಿದ್ದ. 1774ರಲ್ಲಿ ಪ್ರಷ್ಯಾದ ದೊರೆ ಫ್ರೆಡರಿಕ್ ಅವನೊಂದಿಗೆ ಮಾತಾಡುತ್ತ, ಹಿಂದೆ ಬಾಖ್ ಪಾಟ್ಸ್‌ಡ್ಯಾಮ್‌ಗೆ ಬಂದಾಗ ತಾನು ಕೊಟ್ಟ ಸ್ವರಸಾಲನ್ನು ಜೋರಾಗಿ ಹಾಡಿಯೇ ತೋರಿಸಿದ. ಆ ಭೇಟಿಯಾಗಿ ಆಗಲೇ ಇಪ್ಪತ್ತೇಳು ವರ್ಷ. ಸ್ವೀಟನ್ ವಿಯೆನ್ನಾಗೆ ಮರಳಿದ ಮೇಲೆ ಅವನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಖ್ ಮತ್ತು ಹ್ಯಾಂಡೆಲ್ ಮಾತ್ರ. 1782ರಲ್ಲಿ ಅಲ್ಲಿಗೆ ಬರುತ್ತಿದ್ದವನು ಇಪ್ಪತ್ತಾರರ ಮೊಟ್ಸಾರ್ಟ್. ನುಡಿಸಿ ಮುಗಿಸಿದ ಫ್ಯೂಗುಗಳನ್ನು ಸ್ವೀಟನ್ ಮನೆಗೂ ಕೊಟ್ಟು ಕಳಿಸುತ್ತಿದ್ದ. (ಮುಂದೆ ಇದೇ ಸ್ವೀಟನ್ ಬೀಥೊವನ್‌ನನ್ನು ರಾತ್ರಿ ಎಂಟೂವರೆಗೆ ಕರೆಯುವಾಗ, ಮಲಗುವ ಟೋಪಿಯನ್ನೂ ಚೀಲದಲ್ಲಿ ಹಾಕಿಕೊಂಡು ಬಾ ಅಂತ ಚೀಟಿ ಬರೆದ. ಬೀಥೊವನ್ ಹುಡುಗನಾಗಿದ್ದಾಗಲೇ ‘ವೆಲ್-ಟೆಂಪರ್ಡ್ ಕ್ಲಾವಿಯರ್’ ನುಡಿಸುತ್ತಿದ್ದವನು.)

ಮೊಟ್ಸಾರ್ಟ್‌ನ ಮನೆಯಲ್ಲಿ ಈ ಫ್ಯೂಗುಗಳನ್ನು ಕೇಳಿ ಮರುಳಾದವಳು ಕಾನ್ಸ್‌ಟಾನ್ಜ್. ಆಗಿನ್ನೂ ಮದುವೆಯಾಗಿರಲಿಲ್ಲ. ನೀನು ಇಂಥದ್ದು ಬರೆದಿಲ್ವಾ ಅಂತ ಕೇಳಿದಳು. ಇಲ್ಲ ಅಂದದ್ದಕ್ಕೆ ಚೆನ್ನಾಗಿ ಬೈದಳು. ಬರೆಯುವ ತನಕ ಬಿಡಲಿಲ್ಲ. 1782ರ ಏಪ್ರಿಲ್‌ನಲ್ಲಿ ಮೊಟ್ಸಾರ್ಟ್ ಒಂದು ಪೀಠಿಕೆ, ಒಂದು ಮೂರು ದನಿಯ ಫ್ಯೂಗ್ ಬರೆದು ಅಕ್ಕ ನ್ಯಾನೆರ್ಲ್‌ಗೆ ಕಳಿಸಿದ. ಈಗ ಅದರ ಪಟ್ಟಿ ಸಂಖ್ಯೆ ಕೆ. 394. ಜೊತೆಗಿನ ಕಾಗದದಲ್ಲಿ ಎರಡು ಸಂಗತಿ ಇವೆ. ಒಂದು, ಫ್ಯೂಗನ್ನು ಮೊದಲು ತಲೆಯಲ್ಲೇ ರಚಿಸಿ, ಅದನ್ನು ಕಾಗದಕ್ಕೆ ಇಳಿಸುವಾಗ ತಲೆಯಲ್ಲಿ ಪೀಠಿಕೆ ರಚಿಸಿದನಂತೆ. ಕೈ ಒಂದು ಬರೆಯುತ್ತಿದೆ, ತಲೆ ಇನ್ನೊಂದು ಕಟ್ಟುತ್ತಿದೆ. ಎರಡು, ಅಕ್ಕನಿಗೆ ಸೂಚನೆ: ಇದನ್ನು ನಿಧಾನವಾಗಿ ನುಡಿಸು, ಬೇಗ ನುಡಿಸಿದರೆ ವಿಷಯ ಮತ್ತೆ ಬರುವಾಗ ಸ್ಪಷ್ಟವಾಗಿ ಕೇಳಿಸೋದಿಲ್ಲ. ಮೊಟ್ಸಾರ್ಟ್ ನಿಧಾನ ಅಂದದ್ದನ್ನು ನಾನು ಒಂದು ಚೀಟಿಯಲ್ಲಿ ಬರೆದು ಮೆಟ್ರೊನೋಮ್ ಪಕ್ಕ ಅಂಟಿಸಿದ್ದೇನೆ.

ಈ ಕೆ. 394ಕ್ಕೆ ಇನ್ನೊಂದು ಜನ್ಮವಿದೆ. 1940ರ ದಶಕ, ಕೆನಡಾದ ಟೊರಾಂಟೊ. ಹದಿಮೂರು ಹದಿನಾಲ್ಕರ ಗ್ಲೆನ್ ಗೂಲ್ಡ್ ಇದೇ ಫ್ಯೂಗನ್ನು ಸಾಧನೆ ಮಾಡುತ್ತಿದ್ದ. ಮನೆಕೆಲಸದವಳು ಪಿಯಾನೋದ ಪಕ್ಕದಲ್ಲೇ ವ್ಯಾಕ್ಯೂಮ್ ಕ್ಲೀನರ್ ಹಾಕಿದಳು. ಜೋರಾಗಿ ನುಡಿಸಿದ ಜಾಗಗಳು ಗುಂಯ್‌ಗುಡುವ ಸದ್ದಿನೊಂದಿಗೆ ಕಲಸಿಹೋದವು, ಮೆತ್ತಗಿನ ಜಾಗಗಳು ಕೇಳಿಸಲೇ ಇಲ್ಲ. ಆದರೆ ಬೆರಳಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಯಾವ ದನಿ ಎಲ್ಲಿದೆ, ಎಲ್ಲಿಗೆ ಹೊರಟಿದೆ ಅನ್ನೋದು ಸ್ಪರ್ಶದಿಂದ ತಲೆಗೆ ಹೋಗಿ ತಲೆಯೊಳಗೇ ಕೇಳಿಸುತ್ತಿತ್ತು. ವಿಚಿತ್ರವೆಂದರೆ, ಕೇಳಿಸದ ಆ ಜಾಗಗಳೇ ಅವನಿಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿದವು. ಗೂಲ್ಡ್ ಇದನ್ನು ಮುಂದೆ ಸಂಗೀತ ವಿದ್ಯಾರ್ಥಿಗಳ ಮುಂದೆ ಭಾಷಣದಲ್ಲೇ ಹೇಳಿದ. 1955ರಲ್ಲಿ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ರೆಕಾರ್ಡ್ ಮಾಡಿ ಲೋಕಪ್ರಸಿದ್ಧನಾದ, 1964ರಲ್ಲಿ ಕಛೇರಿಗಳನ್ನೇ ಬಿಟ್ಟುಬಿಟ್ಟ. 1967ರಲ್ಲಿ ಕೆನಡಾದ ರೇಡಿಯೋಗೆ ಉತ್ತರ ಧ್ರುವದ ಕಡೆಯ ನಾಡಿನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ಶುರುವಾಗೋದೇ ಮೂವರು ಒಟ್ಟಿಗೆ ಮಾತಾಡುವುದರಿಂದ. ಮಾತಿನ ಫ್ಯೂಗ್ ಅದು. ಮೊದಲ ಸಲ ಕೇಳಿದರೆ ಸಿಟ್ಟು ಬರುತ್ತೆ.

ನನಗೆ ಇದಕ್ಕೆ ವ್ಯಾಕ್ಯೂಮ್ ಕ್ಲೀನರ್ ಬೇಕಿಲ್ಲ. ಡಿಜಿಟಲ್ ಪಿಯಾನೋದಲ್ಲಿ ವಾಲ್ಯೂಮ್ ಸೊನ್ನೆ ಮಾಡಿದರಾಯಿತು. ಕೀಗಳ ಟಕ್‌ಟಕ್ ಬಿಟ್ಟರೆ ಏನೂ ಇಲ್ಲ. ಸದ್ದಿದ್ದಾಗ ಬಲಗೈಯ ಇಂಪಿನ ಹಿಂದೆ ಎಡಗೈ ಅವಿತುಕೊಳ್ಳುತ್ತೆ. ಸದ್ದು ತೆಗೆದರೆ ಅದಕ್ಕೆ ತನ್ನ ಪಾಠ ಎಷ್ಟು ಬರುತ್ತೆ ಅನ್ನೋದು ಬಯಲಾಗುತ್ತೆ.

ಇನ್ನು ಮಾಸ್ಕೋ. 1948ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಠರಾವೊಂದು ಶೋಸ್ತಕೋವಿಚ್ ಮತ್ತಿತರರನ್ನು ‘ಫಾರ್ಮಲಿಸ್ಟ್’ ಅಂತ, ಅಂದರೆ ಜನರಿಗೆ ಬೇಡದ ಕಸರತ್ತು ಮಾಡುವವರು ಅಂತ ಖಂಡಿಸಿತು. ಪಾಠ ಹೇಳುವ ಕೆಲಸ ಹೋಯಿತು. 1950ರ ಬೇಸಿಗೆಯಲ್ಲಿ, ಬಾಖ್ ತೀರಿಕೊಂಡು ಇನ್ನೂರು ವರ್ಷವಾದ ನೆನಪಿಗೆ ಲೈಪ್‌ಜಿಗ್‌ನಲ್ಲಿ ನಡೆದ ಸ್ಪರ್ಧೆಗೆ ಅವನನ್ನು ತೀರ್ಪುಗಾರನಾಗಿ ಕಳಿಸಿದರು. ಪಿಯಾನೋದಲ್ಲಿ ಗೆದ್ದವಳು ಇಪ್ಪತ್ತಾರರ ತತ್ಯಾನಾ ನಿಕೊಲಾಯೆವಾ. ‘ವೆಲ್-ಟೆಂಪರ್ಡ್ ಕ್ಲಾವಿಯರ್’ನ ಎರಡೂ ಭಾಗದ ನಲವತ್ತೆಂಟರಲ್ಲಿ ಯಾವುದನ್ನು ಕೇಳಿದರೂ ನುಡಿಸಲು ತಯಾರಾಗಿ ಬಂದಿದ್ದಳು. ಮಾಸ್ಕೋಗೆ ಮರಳಿದ ಶೋಸ್ತಕೋವಿಚ್ ಅಕ್ಟೋಬರ್‌ನಲ್ಲಿ ಶುರುಮಾಡಿ ಮರುವರ್ಷದ ಫೆಬ್ರವರಿಗೆ ತನ್ನದೇ ಇಪ್ಪತ್ನಾಲ್ಕು ಪೀಠಿಕೆ, ಇಪ್ಪತ್ನಾಲ್ಕು ಫ್ಯೂಗ್ ಬರೆದು ಮುಗಿಸಿದ. ಮೊದಲು ಅಂದುಕೊಂಡದ್ದು ಬರೀ ಕೈ ಪಳಗಿಸುವ ಸಾಧನೆ ಅಂತ. ಒಂದೊಂದು ಮುಗಿದ ಹಾಗೆ ನಿಕೊಲಾಯೆವಾಳನ್ನು ಮನೆಗೆ ಕರೆದು ನುಡಿಸಿ ತೋರಿಸುತ್ತಿದ್ದ.

1951ರ ವಸಂತದಲ್ಲಿ ಸಂಗೀತಕಾರರ ಸಂಘದ ಮುಂದೆ ಇವನ್ನು ನುಡಿಸಿದಾಗ ಟೀಕೆಯ ಮಳೆಯೇ ಸುರಿಯಿತು. ಫ್ಯೂಗ್ ಅನ್ನೋದೇ ಹಳೇ ಪಡುವಣದ ವಸ್ತು, ಸಮಾಜವಾದಕ್ಕೆ ಇದರಿಂದೇನು ಪ್ರಯೋಜನ ಅನ್ನುವ ಧಾಟಿ. ಎದ್ದು ನಿಂತು ವಾದಿಸಿದವರು ಇಬ್ಬರು ಪಿಯಾನೋ ವಾದಕಿಯರು, ಮರಿಯಾ ಯೂದಿನಾ ಮತ್ತು ನಿಕೊಲಾಯೆವಾ. ಹಲವು ದನಿ, ಒಂದೇ ದನಿ ಬಯಸುವ ಸರ್ಕಾರ ಅಂತ ಇಲ್ಲೊಂದು ರೂಪಕ ಕಟ್ಟಬಹುದು, ಕಟ್ಟಿದವರೂ ಇದ್ದಾರೆ. ನನಗೆ ಅದಕ್ಕಿಂತ ಗಟ್ಟಿಯಾಗಿ ಕಾಣೋದು ಇಷ್ಟು: ಕೆಲಸ ಹೋದ, ಹೆಸರು ಕೆಟ್ಟ ಮನುಷ್ಯ ಆ ಚಳಿಗಾಲದಲ್ಲಿ ದಿನಾ ಕೂತು ಎರಡು, ಮೂರು, ನಾಲ್ಕು, ಒಂದು ಸಲ ಐದು ದನಿಗಳನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳುತ್ತಿದ್ದ. ಅಷ್ಟು ಹೊತ್ತು ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರುತ್ತಿರಲಿಲ್ಲ. 1952ರ ಡಿಸೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ನಿಕೊಲಾಯೆವಾ ಅಷ್ಟನ್ನೂ ಸಭೆಯ ಮುಂದೆ ನುಡಿಸಿದಳು. ನಲವತ್ತು ವರ್ಷ ನುಡಿಸುತ್ತಲೇ ಇದ್ದಳು. 1993ರ ನವೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇದೇ ಫ್ಯೂಗುಗಳನ್ನು ನುಡಿಸುತ್ತಿರುವಾಗಲೇ ಮೆದುಳಿನಲ್ಲಿ ರಕ್ತಸ್ರಾವವಾಗಿ, ಕೆಲವು ದಿನಗಳಲ್ಲಿ ತೀರಿಕೊಂಡಳು.

ಶೋಸ್ತಕೋವಿಚ್‌ನ ಇಪ್ಪತ್ನಾಲ್ಕರಲ್ಲಿ ಎರಡೇ ದನಿಯ ಫ್ಯೂಗ್ ಒಂದೇ ಒಂದು, ಒಂಬತ್ತನೆಯದು. ಬಾಖ್‌ನ ನಲವತ್ತೆಂಟರಲ್ಲೂ ಅಂಥದ್ದು ಒಂದೇ, ಮೊದಲ ಭಾಗದ ಹತ್ತನೆಯದು. ನಾನೀಗ ಬಾಖ್‌ನದನ್ನು ಹಿಡಿದಿದ್ದೇನೆ. ಎರಡು ಪುಟ, 42 ಬಾರ್, ಶುರುವಿಂದ ಕೊನೆಯ ತನಕ ಓಟ. ಹದಿನೆಂಟು ಬಾರ್ ಎರಡೂ ಕೈ ವಾದ ಮಾಡುತ್ತ ಬರುತ್ತವೆ. ಹತ್ತೊಂಬತ್ತನೆಯದರಲ್ಲಿ ಇದ್ದಕ್ಕಿದ್ದಂತೆ ಎರಡೂ ಒಂದೇ ಸ್ವರಗಳನ್ನು, ಒಂದು ಸ್ಥಾಯಿಯ ಅಂತರದಲ್ಲಿ, ಒಟ್ಟಿಗೆ ನುಡಿಸುತ್ತವೆ. ಕೌಂಟರ್‌ಪಾಯಿಂಟ್‌ನ ಪಾಠದಲ್ಲಿ ಶಿಷ್ಯ ಹೀಗೆ ಬರೆದರೆ ಗುರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಬೇಕು, ಅಷ್ಟು ನಿಷಿದ್ಧ. ಬೇರೆ ಬೇರೆ ನಡೆಯಲು ಇಷ್ಟು ದಿನ ಪಳಗಿಸಿದ ಕೈಗಳಿಗೆ ಇಲ್ಲಿ ಕಕ್ಕಾಬಿಕ್ಕಿ. ಮರು ಬಾರ್‌ನಿಂದ ಮತ್ತೆ ವಾದ ಶುರು, ಆದರೆ ಜಾಗ ಅದಲುಬದಲು: ಮೊದಲು ಬಲಗೈ ಆಡಿದ್ದನ್ನು ಎಡಗೈ ಆಡುತ್ತೆ, ಎಡಗೈ ಆಡಿದ್ದನ್ನು ಬಲಗೈ. ಮೂವತ್ತೆಂಟನೆಯದರಲ್ಲಿ ಇನ್ನೊಮ್ಮೆ ಒಂದಾಗುತ್ತವಂತೆ, ಪುಸ್ತಕದಲ್ಲಿ ಕಾಣುತ್ತಿದೆ. ನನ್ನ ಕೈಗಳು ಸದ್ಯಕ್ಕೆ ಇಪ್ಪತ್ತಮೂರನೇ ಬಾರ್‌ನಲ್ಲಿವೆ.